ಒಳಕ್ಕೆ ತಿರುಗಿದ ಪಾದಗಳು

ನನ್ನ ಮಗಳು ನಡೆಯುವಾಗ ಎರಡೂ ಪಾದಗಳು ಒಳಕ್ಕೆ ತಿರುಗುತ್ತಿದ್ದವು. ಕೂತರೆ ಮೊಣಕಾಲು ಮಡಚಿ, ಪಾದಗಳನ್ನು ಎರಡು ಪಕ್ಕಕ್ಕೆ ಚಾಚಿ, ನಡುವೆ ಕುಂಡಿಯನ್ನು ನೆಲಕ್ಕೆ ಊರಿ ಕೂರುತ್ತಿದ್ದಳು. ಜೋಗೇಶ್ವರಿ ಬಡಾವಣೆಯಲ್ಲಿ, ಸಾಲುಮನೆಗಳ ನಮ್ಮ ಚಾಳಿನ ಗ್ಯಾಲರಿಯಲ್ಲಿ ಹಾಗೇ ಕೂತು ಗಂಟೆಗಟ್ಟಲೆ ಬಳಪದಿಂದ ಗೀಚುತ್ತಿದ್ದಳು. ಆಗ ಅವಳಿಗೆ ಐದು ವರ್ಷ. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು.

ಊರಿಂದ ಬಂದ ಅತ್ತೆ ಅದನ್ನು ನೋಡಿದ ದಿನವೇ ತಪ್ಪು ನನ್ನದೆಂದು ತೀರ್ಮಾನಿಸಿದರು. ನಾನು ಬಾಣಂತನಕ್ಕೆ ತವರಿಗೆ ಹೋಗಿರಲಿಲ್ಲ. ವಿಜಾಪುರದ ನಮ್ಮ ಕಡೆ ಹಸುಗೂಸನ್ನು ಎರೆಯುವ ಮುದುಕಿ ಎಣ್ಣೆ ಹಚ್ಚಿ, ಎಳೆಯ ಕಾಲುಗಳನ್ನು ಅಡ್ಡಡ್ಡ ಮಡಚಿ ನೀವುತ್ತಾಳೆ. ನಾನು ನನ್ನ ಕೂಸನ್ನು ನಾನೇ ಎರೆದಿದ್ದೆ, ನಲ್ಲಿ ನಿಲ್ಲುವುದರೊಳಗೆ, ಅವಸರದಲ್ಲಿ.

"ಕೂಸಿದ್ದಾಗ ತೀಡಬೇಕಿತ್ತು. ಈಗ ಎಲುವು ಬಲತದ," ಎಂದರು ಅತ್ತೆ. "ಇದರ ನಡಿಗಿ ನೋಡಿ ನಾಳೆ ಯಾರ ಮಾಡ್ಕೋತಾರ?"

ಮುನಿಸಿಪಾಲ್ಟಿ ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರು ಅವಳನ್ನು ಬೋರಲು ಮಲಗಿಸಿ, ಮೊಣಕಾಲು ಮಡಚಿ, ಪಾದಗಳನ್ನು ಹೊರಕ್ಕೂ ಒಳಕ್ಕೂ ಬಾಗಿಸಿ ನೋಡಿದರು. ಅವಳು ಕಚಗುಳಿಗೆ ನಕ್ಕಳು. ಸೊಂಟದ ಕೀಲು ಚೆನ್ನಾಗಿದೆ, ತೊಡೆಯ ಎಲುಬು ಹುಟ್ಟುವಾಗ ಎಲ್ಲ ಮಕ್ಕಳಿಗೂ ತಿರುಚಿಕೊಂಡೇ ಇರುತ್ತದೆ, ಬೆಳೆಯುತ್ತ ತಾನೇ ಬಿಚ್ಚಿಕೊಳ್ಳುತ್ತದೆ, ಇವಳದು ಎಂಟು ಹತ್ತು ವರ್ಷಕ್ಕೆ ನೆಟ್ಟಗಾಗುತ್ತದೆ ಎಂದು ಹಿಂದಿಯಲ್ಲಿ ನಿಧಾನವಾಗಿ ಹೇಳಿದರು. ಇದು ಯಾರ ತಪ್ಪೂ ಅಲ್ಲ, ಏನೂ ಮಾಡಬೇಡಿ ಎಂದರು. ಗುಳಿಗೆ ಬರೆಯಲಿಲ್ಲ, ಹಚ್ಚಲು ಎಣ್ಣೆಯನ್ನೂ ಕೊಡಲಿಲ್ಲ. ಬರಿಗೈಯಲ್ಲಿ ಕಳಿಸಿದ ಡಾಕ್ಟರನ್ನು ನಂಬುವುದು ನನ್ನಿಂದ ಆಗಲಿಲ್ಲ.

ಹಳೆಯ ಸೀರೆಯ ಅಂಚು ಹರಿದು ಪಟ್ಟಿ ಮಾಡಿದೆ. ದಿನಾ ಮಧ್ಯಾಹ್ನ ಅವಳನ್ನು ಚಕ್ಕಳಮಕ್ಕಳ ಹಾಕಿಸಿ ಕೂರಿಸಿ, ಕಣಕಾಲುಗಳನ್ನು ಸೇರಿಸಿ ಕಟ್ಟುತ್ತಿದ್ದೆ. ರೊಟ್ಟಿ ಬಡಿದು ಮುಗಿಯುವವರೆಗೂ ಬಿಚ್ಚುತ್ತಿರಲಿಲ್ಲ. ಮೊದಮೊದಲು ಅಳುತ್ತಿದ್ದಳು. ಆಮೇಲೆ "ಅವ್ವಾ, ಸಾಕಾತೇನು?" ಎಂದಷ್ಟೇ ಕೇಳುತ್ತಿದ್ದಳು. ನಾನು ಮುಂದಿನ ರೊಟ್ಟಿ ಬಡಿಯುತ್ತಿದ್ದೆ. ಹೀಗೆ ಒಂದು ವರ್ಷ ನಡೆಯಿತು. ಪಾದಗಳು ಹೇಗಿದ್ದವೋ ಹಾಗೇ ಇದ್ದವು.

ಮುಂದಿನ ಮಳೆಗಾಲದಲ್ಲಿ ಅವಳಿಗೆ ಕಾಮಾಲೆಯಾಯಿತು. ಆರು ತುಂಬಿ ಎರಡು ತಿಂಗಳಾಗಿತ್ತು. ಕಾಲಿಗೂ ಈ ಕಾಯಿಲೆಗೂ ಸಂಬಂಧವಿಲ್ಲವೆಂದು ಅದೇ ಡಾಕ್ಟರು ಹೇಳಿದರು. ಈ ಸಲ ನಂಬಿದೆ. ನಂಬಿದ್ದರಿಂದ ಏನೂ ಹಗುರವಾಗಲಿಲ್ಲ.

ಅವಳ ಕೊನೆಯ ದಿನ ಬೆಳಿಗ್ಗೆ ಗಂಜಿ ಕುಡಿಸಲೆಂದು ಎಬ್ಬಿಸಿ ಕೂರಿಸಿದೆ. ಕಾಲುಗಳು ತಾವಾಗಿ ಎರಡು ಪಕ್ಕಕ್ಕೆ ಹೋದವು. ಅವಳು ನನ್ನ ಮುಖ ನೋಡಿದಳು. ಶಕ್ತಿಯಿಲ್ಲದ ಕೈಗಳಿಂದ ಒಂದು ಪಾದ ಹಿಡಿದು ಮುಂದಕ್ಕೆ ಎಳೆದುಕೊಳ್ಳತೊಡಗಿದಳು.

"ಬ್ಯಾಡವ್ವ. ನಿನಗ ಹೆಂಗ ಬೇಕೋ ಹಂಗ ಕೂಡು," ಎಂದೆ.

ಅವಳು ನಂಬಲಿಲ್ಲ. ಇನ್ನೊಂದು ಪಾದಕ್ಕೂ ಕೈ ಚಾಚಿದಳು.