ಭಂತೇಜಿಯ ಮನೆಯಾಕೆ

ಹಿಟ್ನಾಳದ ಹೊರಗೆ ಹೆದ್ದಾರಿ ಬಿಟ್ಟು ಒಳಗೆ ತಿರುಗಿದರೆ ಹೊಸ ಬುದ್ಧವಿಹಾರ. ಹೋದ ವರ್ಷ ತೀರಿಕೊಂಡ ಭಂತೇ ಧಮ್ಮಸಾರರ ನೆನಪಿಗೆ ಕಟ್ಟಿಸಿದ್ದು. ಕೇರಿಯ ಗಂಡಸರಿಗೆ ಸಾರಾಯಿ ಬಿಡಿಸಿದ, ಹೆಣ್ಣುಮಕ್ಕಳನ್ನು ಸಾಲೆಗೆ ಹಚ್ಚಿದ ಗುರು ಅವರು. ಅಲ್ಲಿ ದಿನಾ ಕಸ ಗುಡಿಸುವ ಶಿವಲಿಂಗಮ್ಮನಿಗೆ ಮಾತ್ರ ಅವರು ಕೈಹಿಡಿದ ಗಂಡ, ದುರುಗೇಶ.

ಮದುವೆಯಾಗಿ ಕೆಲವೇ ವರ್ಷಕ್ಕೆ ದುರುಗೇಶ ಭಿಕ್ಷುವಾದ. ಕದ್ದು ಹೋಗಲಿಲ್ಲ, ಎದುರಿಗೆ ಕುಳಿತು ಕೇಳಿದ. "ನೀ ಹೂಂ ಅಂದ್ರ ಹೋಗ್ತೀನಿ. ಬ್ಯಾರೆ ಮದಿವಿ ಮಾಡ್ಕೋ, ನಂದೇನೂ ತಕರಾರಿಲ್ಲ."

ಇಂಥದ್ದಕ್ಕೆ ಊಹೂಂ ಎನ್ನಲು ಯಾವ ಹೆಂಡತಿಗೆ ಬಾಯಿ ಬಂದೀತು, ನೀವೇ ಹೇಳಿ. ಹೂಂ ಅಂದಳು. ಬೇರೆ ಮದುವೆಯಾಗಲಿಲ್ಲ.

ಎಷ್ಟೋ ವರ್ಷದ ಮೇಲೆ ಅವರು ಭಂತೇ ಧಮ್ಮಸಾರರಾಗಿ, ಕಾವಿ ಚೀವರ ಉಟ್ಟು ಊರಿಗೆ ಮರಳಿದರು. ಭಿಕ್ಷುಗಳು ಮಧ್ಯಾಹ್ನದ ಮೇಲೆ ಉಣ್ಣುವುದಿಲ್ಲ. ಆಕೆ ಬೆಳಿಗ್ಗೆಯೇ ರೊಟ್ಟಿ ಬಡಿದು ಒಯ್ಯುತ್ತಿದ್ದಳು. ಎಲ್ಲರಂತೆ ಮೂರು ಸಲ ಬಾಗಿ ನಮಸ್ಕರಿಸುವಳು. ಅವರು ಎಲ್ಲರಿಗೂ ಅನ್ನುವಂತೆ "ಸುಖವಾಗಿರು ತಾಯಿ" ಎನ್ನುವರು. ಆ 'ತಾಯಿ' ಕೇಳಿದಾಗಲೆಲ್ಲ ಬರಿದಾದ ಬುಟ್ಟಿ ಎತ್ತಿಕೊಂಡು ಸರಸರ ಹೊರಟುಬಿಡುವಳು.

ಅವರು ತೀರಿಕೊಂಡ ದಿನ ಕಾಲ ಮೇಲೆ ಬಿದ್ದು ಅಳಲು ಹೋದಳು. ಕೇರಿಯ ಬೌದ್ಧ ಸಮಿತಿಯ ಯಂಕೇಶ ರಟ್ಟೆ ಹಿಡಿದು ಎಬ್ಬಿಸಿದ.

"ಹಂಗ ಅಳಬಾರ್ದು ಯವ್ವಾ. ಅವ್ರು ಎಲ್ಲಾ ಬಿಟ್ಟವ್ರು. ಮಂದಿ ಏನಂದಾರು?"

ಮೆತ್ತಗೇ ಹೇಳಿದ, ಪಾಪ. ಆಕೆ ಬಾಯಿಗೆ ಸೆರಗು ತುರುಕಿಕೊಂಡು ಹೆಂಗಸರ ಸಾಲಿಗೆ ಸರಿದಳು. ಒಂದು ಸಲ, ಹೆಂಡತಿಯಾಗಿ, ಬಾಯಿ ಬಿಟ್ಟು ಅಳಬೇಕು. ಅಂದಿನಿಂದ ಅದೊಂದೇ ಆಸೆ. ವಿಹಾರ ತೆರೆದ ದಿನ ಭಾಷಣದಲ್ಲಿ ಭಂತೇಜಿಯ ತಂದೆತಾಯಿಯ ಸುದ್ದಿ ಬಂತು, ಗುರುಗಳ ಸುದ್ದಿ ಬಂತು. ಹೆಂಡತಿಯ ಸುದ್ದಿ ಬರಲಿಲ್ಲ. ಆಕೆ ಪಂಕ್ತಿಯಲ್ಲಿ ಪಾಯಸ ಬಡಿಸುತ್ತಿದ್ದಳು.

ಮೊನ್ನೆ ಮುನಿರಾಬಾದಿನ ಬಳೆಗಾರ್ತಿ ಹಜರತಬೀ ವಿಹಾರದ ಕಟ್ಟೆಯ ಮೇಲೆ ಬಳೆಯ ಮಲಾರ ಇಳಿಸಿದಳು. ಈ ಕಡೆಗೆ ಹೊಸಬಳು.

"ಕೈ ಕೊಡಬೇ. ಹಸರು ಬಳಿ ಛಲೋ ಬಂದಾವು."

ಶಿವಲಿಂಗಮ್ಮನ ಕೈಯಲ್ಲಿ ಹಳೆಯ ಬಳೆಗಳು ಹಾಗೇ ಇದ್ದವು. ವಿಹಾರದವರಲ್ಲಿ ಬಳೆ ಒಡೆಯುವ ಪದ್ಧತಿಯಿಲ್ಲ. ಇದ್ದರೂ ಅವಳನ್ನು ವಿಧವೆ ಎಂದು ಎಣಿಸಿದವರು ಯಾರು? ಕೈ ಹಿಂದಕ್ಕೆಳೆದುಕೊಂಡಳು.

"ಬ್ಯಾಡವ್ವ. ನನ್ನ ಗಂಡ ತೀರ್ಕೊಂಡಾನ."

ಆ ಮಾತು ಬಾಯಿಂದ ಬಂದದ್ದು ಅದೇ ಮೊದಲು. ಹಜರತಬೀ ಮಲಾರ ಬದಿಗೆ ಸರಿಸಿದಳು. ಬಳಿ ಬಂದು ತಬ್ಬಿಕೊಂಡು ಬೆನ್ನು ಸವರಿದಳು.

"ಅತ್ತುಬಿಡು, ನನ್ನವ್ವಾ. ಹಗರ ಆಗ್ತೈತಿ."

ಶಿವಲಿಂಗಮ್ಮ ಆಕೆಯ ಹೆಗಲಿಗೆ ಮುಖವಿಟ್ಟು ಕಾದಳು. ಬಹಳ ಹೊತ್ತು ಕಾದಳು.

"ಬರವಲ್ದವ್ವ," ಎಂದಳು ಕೊನೆಗೆ. "ಅಳು ಬರವಲ್ದು."