ಖಂಡೇ ಪೂಜೆಯ ದಿನ ಬೀಗ ಹಾಕಿದ ಸೈಕಲ್ಲು

ಹೈದರಾಬಾದಿನಲ್ಲಿ ಮನೆಮನೆಗೂ ಸ್ಕೂಟರ್ ಬಂದಿರದ ದಿನಗಳವು. ಕಾಚಿಗುಡದ ನಮ್ಮ ಗಲ್ಲಿಯಲ್ಲಿ ಸೈಕಲ್ಲು ಇಟ್ಟವರು ಎರಡೇ ಬಗೆ: ಒಮ್ಮೆ ಕಳೆದುಕೊಂಡವರು, ಇನ್ನು ಕಳೆದುಕೊಳ್ಳಲಿದ್ದವರು. ಹಾಲಿನಂಗಡಿಯ ಮುಂದಿನಿಂದ ಕಳುವಾಗುತ್ತಿತ್ತು, ರೇಷನ್ ಸಾಲಿನಿಂದ ಹೋಗುತ್ತಿತ್ತು. ನಮ್ಮ ಸೈಕಲ್ಲು ಹೋದ ರೀತಿ ಮಾತ್ರ ಇಡೀ ಗಲ್ಲಿಗೇ ಹೊಸದು.

ಆಯುಧಪೂಜೆಗೆ ನಮ್ಮ ವಿಜಾಪುರದ ಕಡೆ ಖಂಡೇ ಪೂಜೆ ಎನ್ನುತ್ತಾರೆ. ಅಪ್ಪನ ತಾಯಿ, ನಾವು ಆಯಿ ಎನ್ನುತ್ತಿದ್ದ ನನ್ನ ಅಜ್ಜಿ, ಊರು ಬಿಟ್ಟು ಬರುವಾಗ ಆ ಪದ್ಧತಿಯನ್ನು ಚೂರೂ ಉದುರಿಸದೆ ಕಟ್ಟಿಕೊಂಡು ಬಂದಿದ್ದಳು. ನವಮಿಯ ದಿನ ಮನೆಯ ಆಯುಧಗಳೆಲ್ಲ ಹಲಗೆ ಏರಬೇಕು: ಅಪ್ಪನ ಸುತ್ತಿಗೆ, ಅರ, ಅವ್ವನ ಈಳಿಗೆ, ನನ್ನ ಕಂಪಾಸು. ಮರುದಿನ ದಶಮಿಯ ಸಂಜೆ ಬನ್ನಿ ತರುವ ತನಕ ಅವಕ್ಕೆ ರಜೆ, ಯಾರೂ ಮುಟ್ಟುವಂತಿಲ್ಲ. ಸೈಕಲ್ಲು ಹಲಗೆಯ ಮೇಲೆ ಹಿಡಿಸುವುದಿಲ್ಲವಲ್ಲ, ಅದಕ್ಕೆ ಅಂಗಳದಲ್ಲೇ ಚೆಂಡುಹೂವಿನ ಹಾರ. ಅದರ ಬೀಗ ಹಿಡಿಸುತ್ತದೆ. ಹಾಗಾಗಿ ಬೀಗ ಬಿಚ್ಚಿ ತಂದು ಹಲಗೆಯ ಮೇಲಿಟ್ಟೆವು.

ಬನ್ನಿ ಹಿಡಿದು ಮನೆಗೆ ಬಂದಾಗ ಬೀಗ ಕುಂಕುಮ ಹಚ್ಚಿಕೊಂಡು ಹಲಗೆಯ ಮೇಲೆ ಕೂತಿತ್ತು, ಅಂಗಳ ಖಾಲಿ ಇತ್ತು. ಕಳ್ಳ ದೈವಭಕ್ತ ಇರಬೇಕು, ಹಾರ ತೆಗೆದು ಗೇಟಿಗೆ ಸಿಕ್ಕಿಸಿ ಹೋಗಿದ್ದ.

"ತಾಳಾನಿಕಿ ಪೂಜ ಚೇಸಿ, ಸೈಕಿಲ್ ದಾನಂ ಚೇಸಾರು" ಎಂದು ಎದುರು ಮನೆಯ ವೆಂಕಟಮ್ಮ ಗಲ್ಲಿಯ ತುಂಬ ಹೇಳಿಕೊಂಡು ನಕ್ಕಳು. ಬೀಗಕ್ಕೆ ಪೂಜೆ, ಸೈಕಲ್ಲು ದಾನ. ಅಪ್ಪ ನಾಚಾರಂನ ಒಂದು ಕಾರ್ಖಾನೆಯ ಟೂಲ್‌ರೂಮಿನಲ್ಲಿ ಫಿಟ್ಟರ್. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ತುಂಡನ್ನು ಪಕ್ಕಕ್ಕೆಸೆಯುವ ಮನುಷ್ಯ. ಆ ವರ್ಷವೆಲ್ಲ ತಲೆ ತಗ್ಗಿಸಿಕೊಂಡು ಬಸ್ಸಿಗೆ ಹೋದ.

ಮುಂದಿನ ವರ್ಷ ನಾನು ಎಂಟನೆಯ ತರಗತಿಗೆ ದೂರದ ದೊಡ್ಡ ಹೈಸ್ಕೂಲು ಸೇರಿದೆ. ಅಲ್ಲಿ ಪ್ರಯೋಗಶಾಲೆ ಇತ್ತು, ಗಾಜಿನ ನಳಿಗೆಗಳಿದ್ದವು, ಕಣ್ಣಿಗೆ ನೀರು ತರಿಸುವ ಆ ವಾಸನೆಯೂ ನನಗೆ ಇಷ್ಟವಾಗಿತ್ತು. ಆದರೆ ಎರಡು ಬಸ್ಸು ಬದಲಿಸಬೇಕು. ಮಳೆಗಾಲ ಮುಗಿಯುವಷ್ಟರಲ್ಲಿ ತಡವಾಗಿ ಹೋಗಿ ಬಾಗಿಲ ಹೊರಗೆ ನಿಂತದ್ದಕ್ಕೆ ಲೆಕ್ಕವಿಲ್ಲ. ಕೊನೆಗೆ ಅಪ್ಪ, ಜೊತೆಗೆ ಕೆಲಸ ಮಾಡುವವರೊಬ್ಬರ ಹಳೆಯ ಲೇಡೀಸ್ ಸೈಕಲ್ಲನ್ನು ಗೊತ್ತು ಮಾಡಿದ.

ಅವ್ವ ರೊಟ್ಟಿ ಬಡಿಯುತ್ತಲೇ ತೀರ್ಪು ಕೊಟ್ಟಳು. "ತರ್ರಿ. ಆದ್ರ ಇದೂ ಹೋತಂದ್ರ ಸುಮೀನ ಇಲ್ಲೇ ಓಣಿ ತುದಿ ಸಾಲಿಗೆ ಹಾಕೂದು. ಮತ್ತ ಮಾತಿಲ್ಲ."

ಓಣಿ ತುದಿಯ ಶಾಲೆಯಲ್ಲಿ ಎರಡು ಕೋಣೆ, ಒಂದು ಬೋರ್ಡು. ಸುಮಿ ಎಂದರೆ ನಾನೇ, ಅಲ್ಲಿ ನನಗೆ ಗಾಜಿನ ನಳಿಗೆ ಸಿಗುವಂತಿರಲಿಲ್ಲ.

"ಮೊದ್ಲ ಕೀಲಿ, ಆಮ್ಯಾಲ ಸೈಕಲ್" ಎಂದ ಅಪ್ಪ. ನಮ್ಮ ಮನೆಯಲ್ಲಿ ಬೀಗಕ್ಕೆ ಕೀಲಿ, ಅದನ್ನು ತೆರೆಯುವುದಕ್ಕೆ ಚಾವಿ. ಆದರೆ ಅಪ್ಪನಿಗೆ ಬೀಗ ಆರಿಸುವುದೇ ಕಷ್ಟವಾಯಿತು. ತಂದ ಬೀಗವನ್ನೆಲ್ಲ ಒಂದು ತಂತಿಯ ತುಂಡಿನಿಂದ ತಾನೇ ತೆಗೆದುಬಿಡುತ್ತಿದ್ದ, ತೆಗೆದು ಬೇಸರ ಮಾಡಿಕೊಳ್ಳುತ್ತಿದ್ದ. ಮೂರನೆಯ ಬೀಗವೂ ಹೀಗೇ ಬಾಯಿ ಬಿಟ್ಟಾಗ ನಾನು ಅಂದೆ, "ಅಪ್ಪಾ, ಕಳ್ಳರೇನು ಟೂಲ್‌ರೂಮಿನ್ಯಾಗ ಕಲ್ತವರಲ್ಲ. ನಿನ್ನ ಕೈಗೆ ತಡಿಯೂ ಕೀಲಿ ಬೇಕಂದ್ರ ಈ ಜನ್ಮದಾಗ ಸೈಕಲ್ ಬರಂಗಿಲ್ಲ."

ಅಪ್ಪ ನನ್ನನ್ನೇ ನೋಡಿದ. "ಖರೆ. ಹಂಗಾದ್ರ ನೀನ ಆರಸು."

ಭಾನುವಾರ ರಾಣಿಗಂಜಿಗೆ ಹೋದೆವು. ಕಬ್ಬಿಣದ ಸಾಮಾನಿನ ಅಂಗಡಿಗಳ ಸಾಲು. ಗ್ರೀಸು, ತುಕ್ಕು, ಪಕ್ಕದ ಬಂಡಿಯ ಮಿರ್ಚಿ ಬಜ್ಜಿ ಎಲ್ಲ ಸೇರಿದ ವಾಸನೆ. ಗೌಸ್ ಸಾಹೇಬರ ಅಂಗಡಿಯಲ್ಲಿ ಬೀಗದ ಡಬ್ಬಿ ಬಿಚ್ಚಿಸಿದೆವು. ಒಂದು ಡಬ್ಬಿಗೆ ಹನ್ನೆರಡು. ನಾನು ಮೊದಲನೆಯ ಬೀಗದ ಚಾವಿ ತೆಗೆದು ಎರಡನೆಯದಕ್ಕೆ ತೂರಿಸಿದೆ. ಆಮೇಲೆ ಮೂರನೆಯದಕ್ಕೆ.

"ಬಚ್ಚಿ ಕ್ಯಾ ಕರ್ ರೈ, ಸಾಬ್?" ಹುಡುಗಿ ಏನು ಮಾಡುತ್ತಿದ್ದಾಳೆ ಎಂದು ಗೌಸ್ ಸಾಹೇಬರು ಕೇಳಿದರು, ಮಗು ಆಟವಾಡುತ್ತಿದೆ ಎಂಬ ನಗೆಯಲ್ಲಿ.

ಆಟವಲ್ಲ. ಕಾರ್ಖಾನೆಯಲ್ಲಿ ಮಾಲು ಬಂದರೆ ಅಪ್ಪ ಒಂದೊಂದನ್ನೂ ಹೀಗೇ ಹಾಕಿ ನೋಡುತ್ತಿದ್ದ, ಕೂಡಬಾರದ ಜಾಗದಲ್ಲಿ ಕೂಡುತ್ತದೆಯೇ ಎಂದು. ಮನೆಯಲ್ಲಿ ಕೇಳಿ ಕೇಳಿ ನನಗೂ ಅದು ರೂಢಿ. ಐದನೆಯ ಬೀಗ ಖಟ್ಟೆಂದು ತೆರೆಯಿತು. ಒಂಬತ್ತನೆಯದೂ ತೆರೆಯಿತು! ಒಂದೇ ಚಾವಿಗೆ ಮೂರು ಬೀಗ. ಗೌಸ್ ಸಾಹೇಬರ ನಗೆ ನಿಂತಿತು. ಮೂಗಿನ ಮೇಲೆ ಕನ್ನಡಕ ಏರಿಸಿ ತಾವೂ ಹಾಕಿ ನೋಡಿದರು. ಎರಡನೆಯ ಡಬ್ಬಿಯಲ್ಲೂ ಜೋಡಿ ಸಿಕ್ಕವು. ಆಗ ಅವರು ಸ್ಟೂಲು ಹತ್ತಿ ಮೇಲಿನ ಹಲಗೆಯಿಂದ ಹಿತ್ತಾಳೆಯ ಬೀಗಗಳ ಡಬ್ಬಿ ಇಳಿಸಿದರು. ಏಳು ಲಿವರಿನವು, ಚಾವಿಯ ಹಲ್ಲು ಒಳಗಿನ ಏಳು ತಗಡನ್ನೂ ಸರಿಯಾಗಿ ಎತ್ತಿದರಷ್ಟೇ ತೆರೆಯುವಂಥವು, ಅಂಗೈ ತುಂಬುವಷ್ಟು ಭಾರ. ಹನ್ನೆರಡು ಚಾವಿಗಳನ್ನೂ ಹನ್ನೆರಡು ಬೀಗಗಳಿಗೂ ಹಾಕಿದೆ. ಬೆರಳ ತುದಿ ಕಪ್ಪಾಯಿತು, ಊಟದ ಹೊತ್ತು ಮೀರಿತು. ಒಂದರ ಚಾವಿ ಇನ್ನೊಂದಕ್ಕೆ ಅಲುಗಲಿಲ್ಲ.

ಕೊನೆಯ ಪರೀಕ್ಷೆ ಅಪ್ಪನದು. ಜೇಬಿನಿಂದ ಸಣ್ಣ ಅರ ತೆಗೆದು ಕಾಗದ ಬಿಚ್ಚಿ, ಬೀಗದ ಬಾಗಿದ ಉಕ್ಕಿನ ಕೊಂಡಿಗೆ ಒಂದೇ ಸಲ ಎಳೆದ. ಅರ ಕಚ್ಚಲಿಲ್ಲ, ಕಿರ್ರೆಂದು ಜಾರಿತು.

"ಮೆತ್ತಗ ಇದ್ರ ಅರ ಹಿಡೀತೈತಿ. ಇದು ಕಾಸಿ ನೀರಿನ್ಯಾಗ ಅದ್ದಿದ ಉಕ್ಕು, ಹಲ್ಲೂರಾಕ ಬಿಡಂಗಿಲ್ಲ" ಎಂದು ನನಗೆ ಹೇಳಿ, ಗೌಸ್ ಸಾಹೇಬರ ಕಡೆ ತಿರುಗಿದ. "ಮೇರೀ ಬೇಟೀ ಹೈ." ನನ್ನ ಮಗಳು. ಅಷ್ಟೇ ಅಂದದ್ದು. ಬಜ್ಜಿ ತಿನ್ನುವಾಗ ನನ್ನ ಕಿವಿಯಲ್ಲಿ ಅದೇ ಮಾತು ಗುಯ್‌ಗುಡುತ್ತಿತ್ತು.

ಅದೇ ಉಕ್ಕಿನ ಸರಪಳಿಯನ್ನೂ ಹುಡುಕಿ ತಂದೆವು, ಆಮೇಲೆ ಸೈಕಲ್ಲೂ ಬಂತು. ಸೈಕಲ್ಲಿನ ಬಣ್ಣ ಕೆರೆಯಬಾರದೆಂದು ಅಪ್ಪ ಅದನ್ನು ಹಳೆಯ ಟ್ಯೂಬಿನೊಳಗೆ ತೂರಿಸಿದ. ಗಾಲಿಗಷ್ಟೇ ಬೀಗ ಹಾಕಿದರೆ ಹೆಗಲ ಮೇಲೆ ಹೊತ್ತುಕೊಂಡು ಹೋಗುತ್ತಾರೆ, ಆದ್ದರಿಂದ ಸರಪಳಿ ಗಾಲಿ ಹಾಯಬೇಕು, ಚೌಕಟ್ಟು ಹಾಯಬೇಕು, ಕಿಟಕಿಯ ಸರಳನ್ನೂ ಸುತ್ತಬೇಕು. ಚಾವಿ ನನ್ನ ಲಂಗದ ಲಾಡಿಗೆ ಸೇರಿತು. ದಿನಾ ಸಂಜೆ ಅಪ್ಪ ಬಸ್ಸಿಳಿದು ಬಂದು, ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದ, "ಚಾವಿ ಯಾರ ಕಡೆ ಐತಿ?" ಗೊತ್ತಿದ್ದೇ ಕೇಳುತ್ತಿದ್ದ. "ನನ್ನ ಕಡೆ ಐತಪ್ಪಾ" ಎಂದು ನಾನು ಗಲ್ಲಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದೆ.

ತಿಂಗಳಲ್ಲಿ ಮತ್ತೆ ಖಂಡೇ ಪೂಜೆ ಬಂತು. ಹೋಳಿಗೆಯ ಹೂರಣದ ಘಮ, ಚೆಂಡುಹೂವಿನ ಒಗರು ವಾಸನೆ. ಹಲಗೆ ಒರೆಸಿಟ್ಟು ಆಯಿ ಕರೆದಳು. "ಸುಮೀ, ಕೀಲಿ ಬಿಚ್ಚಿ ತಾ."

"ಬಿಚ್ಚಂಗಿಲ್ಲ ಆಯಿ."

ಅಡುಗೆಮನೆಯಲ್ಲಿ ಲಟ್ಟಣಿಗೆ ನಿಂತಿತು. ಆಯಿಯ ಮಾತಿಗೆ ಇಲ್ಲ ಎಂದವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

"ಬಿಚ್ಚಂಗಿಲ್ಲಂದ್ರ? ಇವತ್ತ ಆಯುಧ ದುಡೀಬಾರದು. ಅದಕ್ಕೂ ರಜಾ ಬೇಕು."

"ಹೊಸ್ತಿಲಕ್ಕ ರಜಾ ಕೊಡ್ತಿಯೇನು? ಬಾಗಲಕ್ಕ ಕೊಡ್ತಿಯೇನು? ಅವನ್ನ ಕಿತ್ತು ಹಲಗಿ ಮ್ಯಾಲ ಇಡ್ತಿಯೇನು? ನಿಂತಲ್ಲೇ ಪೂಜಿ ಮಾಡ್ತಿ. ಇದಕ್ಕೂ ನಿಂತಲ್ಲೇ ಮಾಡು."

"ದೊಡ್ಡವರ ಮುಂದ ಏನ್ ಬಾಯಿ ಇದು!" ಎಂದು ಅವ್ವ ಒಳಗಿಂದಲೇ ಗದರಿದಳು. ಆಯಿ ಅಪ್ಪನನ್ನು ನೋಡಿದಳು. ಅಪ್ಪ ಸುತ್ತಿಗೆಗೆ ವಿಭೂತಿ ಹಚ್ಚುತ್ತಿದ್ದ, ತಲೆ ಎತ್ತಲಿಲ್ಲ.

"ಕೀಲಿ ಆರಿಸಿದಾಕಿ ಆಕಿ. ಚಾವಿ ಆಕಿ ಕಡೆ ಐತಿ. ನನ್ನ ಕೇಳಬ್ಯಾಡವ್ವಾ" ಎಂದು ಆಯಿಗೆ ಹೇಳಿದ.

ಆಯಿ ಗೊಣಗುತ್ತ ಆರತಿ ತಟ್ಟೆ ಹಿಡಿದು ಅಂಗಳಕ್ಕಿಳಿದಳು. ನೋಯುವ ಮಂಡಿಯನ್ನು ಹಿಡಿದುಕೊಂಡು ಕಿಟಕಿಯ ಕೆಳಗೆ ಕೂತು, ಸರಪಳಿಗೆ ತಗುಲಿಸಿದ್ದ ಬೀಗಕ್ಕೆ ಅರಿಶಿನ ಕುಂಕುಮ ಹಚ್ಚಿದಳು. "ದುಡಿಯವ್ವಾ, ದುಡಿ" ಎಂದಳು. ಬೀಗಕ್ಕೋ ನನಗೋ ಗೊತ್ತಾಗಲಿಲ್ಲ.

ದಶಮಿಯ ಸಂಜೆ ಗಲ್ಲಿಯವರೆಲ್ಲ ಮೈದಾನದ ಮರಕ್ಕೆ ಹೋದೆವು. ನಮ್ಮ ಬನ್ನಿಯೇ ತೆಲುಗಿನವರ ಜಮ್ಮಿ. ಮರಳಿ ಬಂದು ಗೇಟು ತೆರೆದರೆ ಸೈಕಲ್ಲು ಅಡ್ಡ ಬಿದ್ದಿತ್ತು. ಹಾರ ಹರಿದಿತ್ತು, ಗಂಟೆ ಹೋಗಿತ್ತು, ಟ್ಯೂಬು ಸೀಳಿ ಸರಪಳಿ ಹೊಳೆಯುತ್ತಿತ್ತು. ನಾನು ಚೀರಿದೆ. ಆದರೆ ಸರಪಳಿ ಕಿಟಕಿಯನ್ನು ಬಿಟ್ಟಿರಲಿಲ್ಲ. ಬೀಗದ ಕುಂಕುಮ ಅಳಿಸಿ ಹರಡಿತ್ತು, ಕೊಂಡಿಯ ಮೇಲೆ ಮೂರು ಗೀರು, ಅಷ್ಟೇ.

ಅಪ್ಪ ಕುಕ್ಕರುಗಾಲಲ್ಲಿ ಕೂತು ನೆಲದಿಂದ ಮುರಿದ ಗರಗಸದ ಬ್ಲೇಡು ಎತ್ತಿದ. ಅಂಚಿನ ಮೇಲೆ ಹೆಬ್ಬೆರಳು ಆಡಿಸಿ ಗಹಗಹಿಸಿ ನಕ್ಕ. ವರ್ಷದಿಂದ ಆ ನಗೆ ಕೇಳಿರಲಿಲ್ಲ. "ಹಲ್ಲೆಲ್ಲ ಉದುರ್ಯಾವ ನೋಡು!" ಅದನ್ನು ಹಿಡಿದುಕೊಂಡೇ ಎದುರು ಮನೆಗೆ ಹೋಗಿ ವೆಂಕಟಮ್ಮನಿಗೆ ತೋರಿಸಿ ಬಂದ.

"ದೇವಿ ಕಾಯ್ದಳು" ಎಂದಳು ಆಯಿ. ಬನ್ನಿಯನ್ನು ಮೊದಲು ಹಿರಿಯರಿಗೆ ಕೊಡಬೇಕು. ಅಪ್ಪ ಆಯಿಯನ್ನು ದಾಟಿ ನನ್ನ ಮುಂದೆ ಬಂದು ನಿಂತು, ಸಾಹೇಬರಿಗೆ ಕೊಡುವ ಹಾಗೆ ಎರಡೂ ಕೈಯಲ್ಲಿ ಎಲೆ ನೀಡಿದ. "ತಗೋರಿ. ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ." ಹದಿಮೂರರ ಹುಡುಗಿಗೆ ಅಪ್ಪ ಬಹುವಚನ ಹಚ್ಚಿದ ದಿನ ಅದು. ಜಂಬ ಎನ್ನುವುದಾದರೆ ಎನ್ನಿ, ಅದಕ್ಕಿಂತ ದೊಡ್ಡ ಮರ್ಯಾದೆ ನನಗೆ ಆಮೇಲೆ ಎಲ್ಲೂ ಸಿಗಲಿಲ್ಲ. ಹೈಸ್ಕೂಲು ಮುಗಿಯುವ ತನಕ ಆ ಸೈಕಲ್ಲಿನ ಮೇಲೇ ಹೋದೆ. ಒಂದು ದಿನವೂ ಹೊರಗೆ ನಿಲ್ಲಲಿಲ್ಲ.

ಆ ಮೈದಾನದಲ್ಲಿ ಈಗ ಫಂಕ್ಷನ್ ಹಾಲ್ ಇದೆ. ಮರ ಹೋಯಿತು, ಗಲ್ಲಿಯ ಮನೆಗಳೂ ಹೋದವು. ಆಯಿ ಹೋಗಿ ಬಹಳ ಕಾಲವಾಯಿತು, ಅಪ್ಪನೂ ಹೋದ. ನಾಚಾರಂನ ನನ್ನ ಫ್ಲ್ಯಾಟಿನ ಬಾಗಿಲು ನಂಬರು ಒತ್ತಿದರೆ ತೆರೆಯುತ್ತದೆ. ಕೆಳಗೆ ಮಕ್ಕಳ ಸೈಕಲ್ಲುಗಳನ್ನು ಕಾಯಲು ಕ್ಯಾಮೆರಾ ಇದೆ. ಒಂದು ಮನೆಯ ಮಾನವನ್ನೇ ಹದಿಮೂರು ವರ್ಷದವಳ ಕೈಗೆ ಕೊಟ್ಟು ಸುಮ್ಮನಿರುವ ಅಪ್ಪಂದಿರು ಈಗ ಇದ್ದಾರೋ ಇಲ್ಲವೋ, ನಾನಂತೂ ಕಂಡಿಲ್ಲ.

ಬೀಗ ನನ್ನ ಬಳಿಯೇ ಇದೆ. ಕಾಯಲು ಅದಕ್ಕೇನೂ ಉಳಿದಿಲ್ಲ. ಆದರೂ ಖಂಡೇ ಪೂಜೆಯ ದಿನ ಅದನ್ನು ಹಲಗೆಯ ಮೇಲಿಡುವುದಿಲ್ಲ. ಬಾಲ್ಕನಿಯ ಸರಳಿಗೆ ತಗುಲಿಸಿ, ಬೀಗ ಹಾಕಿ, ಆ ಮೂರು ಗೀರುಗಳ ಮೇಲೆ ಕುಂಕುಮ ಹಚ್ಚುತ್ತೇನೆ. ಸಂಜೆ ಹೊರಗೆ ಯಾರೋ ಚಪ್ಪಲಿ ಬಿಡುವ ಸದ್ದಾಗುತ್ತದೆ. ಯಾರೂ ಏನೂ ಕೇಳುವುದಿಲ್ಲ. ನಾನೇ ಚಾವಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೇಳುತ್ತೇನೆ, "ನನ್ನ ಕಡೆ ಐತಪ್ಪಾ."