ಮೂಟೆಯ ಕೈಗೆ ಚುಕ್ಕಾಣಿ

ನಮ್ಮ ಸೋದರಮಾವನನ್ನು ಬಂದರಿನವರೆಲ್ಲ ಕರೆಯುತ್ತಿದ್ದುದು ಮೂಟೆ ಎಂದು. ಬೈಗುಳವೇನಲ್ಲ, ಅದು ಅವನ ಹುದ್ದೆ. ಪಂದ್ಯದ ಹಳೆಯ ಮರದ ಹಾಯಿದೋಣಿಗಳು ಗಾಳಿ ಜೋರಾದರೆ ಒಂದು ಪಕ್ಕಕ್ಕೆ ವಾಲುತ್ತವೆ. ಆಗ ಯಾರಾದರೂ ದಪ್ಪನೆಯವರು ಎದುರು ಅಂಚಿನಲ್ಲಿ ಕೂತು, ಬೆನ್ನನ್ನು ನೀರಿನ ಮೇಲಕ್ಕೆ ಚಾಚಿ ದೋಣಿಯನ್ನು ನೆಟ್ಟಗಿಡಬೇಕು. ಮಾವ ಆ ಕೆಲಸಕ್ಕೆ ಹೇಳಿ ಮಾಡಿಸಿದಂತಿದ್ದ. ವಾರವೆಲ್ಲ ತನ್ನ ಅಂಗಡಿಯಲ್ಲಿ ಸೋಫಾಗಳಿಗೆ ಬಟ್ಟೆ ಹೊದಿಸಿ, ಭಾನುವಾರ ಔಷಧಿ ವ್ಯಾಪಾರಿಯೊಬ್ಬನ ದೋಣಿಯಲ್ಲಿ ತೂಕವಾಗಿ ಕೂರುತ್ತಿದ್ದ. ಗಾಳಿ ಕಡಿಮೆಯಿದ್ದ ದಿನ ವ್ಯಾಪಾರಿ ಅವನನ್ನು ದಡದಲ್ಲೇ ಬಿಟ್ಟು ಹೋಗುತ್ತಿದ್ದ. ಮಾವ ಹಲ್ಲು ಕಿರಿದು ಕೈ ಬೀಸುತ್ತಿದ್ದನಂತೆ. ನನಗಾಗಿದ್ದರೆ ಮೈಯೆಲ್ಲ ಉರಿಯುತ್ತಿತ್ತು.

ಅಷ್ಟು ವರ್ಷಗಳಲ್ಲಿ ಪಂದ್ಯದ ದಿನ ಒಮ್ಮೆಯೂ ಚುಕ್ಕಾಣಿ ಅವನ ಕೈಗೆ ಬರಲಿಲ್ಲ. ಅವನಿಗಿದ್ದದ್ದು ಅದೊಂದೇ ಆಸೆ. ವ್ಯಾಪಾರಿ ಹೊಸ ದೋಣಿ ಕೊಂಡಾಗ ಹಳೆಯದನ್ನು ಮಾವ ಅಂಗಡಿಯ ಹಿಂದಿನ ಶೆಡ್ಡಿಗೆ ತಂದ. ಹಲಗೆ ಬದಲಿಸಿದ, ಸೋಫಾ ಹೊಲಿಯುವ ಮಿಷನ್ನಿನಲ್ಲೇ ಹಾಯಿಗೆ ತೇಪೆ ಹಾಕಿದ. ಮರದ ದೋಣಿ ವೇಗಕ್ಕೆ ಬಿದ್ದಾಗ ತಳದಿಂದ ಗುಂಯ್ ಎಂದು ಸದ್ದು ಬರುತ್ತದಂತೆ, ಪ್ಲಾಸ್ಟಿಕ್ ದೋಣಿಗೆ ಆ ಗಂಟಲೇ ಇಲ್ಲವಂತೆ. ಇದನ್ನು ಸೋಫಾ ರಿಪೇರಿಗೆ ಬಂದವರಿಗೂ ಕೂರಿಸಿಕೊಂಡು ಹೇಳುತ್ತಿದ್ದ. ಅತ್ತೆ ಆ ದೋಣಿಗೆ ಸವತಿ ಎಂದು ಹೆಸರಿಟ್ಟಳು.

"ಅಡುಗೆಮನೆ ಬಾಗಿಲಿಗೆ ಬಣ್ಣ ಹೊಡೀರಿ ಅಂದ್ರೆ ಪುರುಸೊತ್ತಿಲ್ಲ, ಇವಳಿಗೆ ಮಾತ್ರ ದಿನಾ ಪಾಲಿಶ್!"

ಅಷ್ಟರಲ್ಲಿ ಸಕ್ಕರೆ ಕಾಯಿಲೆಯೆಂದು ಡಾಕ್ಟರು ಅವನ ಊಟಕ್ಕೆ ಕತ್ತರಿ ಹಾಕಿದರು. ಅತ್ತೆ ಡಾಕ್ಟರಿಗಿಂತ ಕಟ್ಟುನಿಟ್ಟು. ಮೂಟೆ ಕರಗಿತು. ಅವನ ಶರಟಿನೊಳಗೆ ಇನ್ನೊಬ್ಬ ಮಾವ ಹಿಡಿಸುವಂತಾಯಿತು.

ಹಳೇ ದೋಣಿಗಳ ಪಂದ್ಯದ ಬೆಳಿಗ್ಗೆ ಗಾಳಿ ಕಿತ್ತುಕೊಂಡು ಹೋಗುವ ಹಾಗೆ ಬೀಸುತ್ತಿತ್ತು. ಚುಕ್ಕಾಣಿಗೆ ಮಾವ, ಮುಂದಿನ ಹಾಯಿಯ ಹಗ್ಗಕ್ಕೆ ನಾನು, ಅಂಚಿನಲ್ಲಿ ಕೂರಲು ಪಕ್ಕದಂಗಡಿಯ ಬಡಗಿ. ಮೂವರೂ ಕಡ್ಡಿ ಪೈಲ್ವಾನರು. ಪಂದ್ಯ ನಡೆಸುವಾಕೆ ನಮ್ಮನ್ನು ಮೇಲಿಂದ ಕೆಳಗೆ ನೋಡಿದಳು.

"ಈ ಗಾಳಿಗೆ ನೀವು ಮಗುಚ್ಕೊಳ್ಳೋದು ಗ್ಯಾರಂಟಿ. ಭಾರ ಇರೋರನ್ನ ಯಾರನ್ನಾದ್ರೂ ಕರ್ಕೊಂಡ್ಬನ್ನಿ, ಇಲ್ದಿದ್ರೆ ಬಿಡಲ್ಲ."

ಮಾವನ ಮುಖ ಸಣ್ಣಗಾಯಿತು. ಹಳೇ ಮೂಟೆಗೆ ಸರಿಜೋಡಿಯ ಮೈಕಟ್ಟಿನ ಅತ್ತೆ ದಡದಲ್ಲಿ ಫ್ಲಾಸ್ಕ್ ಹಿಡಿದು ನಿಂತಿದ್ದಳು. ನೀರು ಬಕೆಟ್ಟಿನಲ್ಲಿದ್ದರೆ ಸಾಕು ಎನ್ನುವವಳು ಅವಳು. ನಾವ್ಯಾರೂ ಅವಳ ಕಡೆ ನೋಡಲಿಲ್ಲ, ನೋಡುವ ಧೈರ್ಯ ಯಾರಿಗಿತ್ತು? ಅವಳೇ ಬಂದು ಫ್ಲಾಸ್ಕನ್ನು ಬಡಗಿಯ ಕೈಗಿಟ್ಟಳು.

"ನೀನು ಇಳಿಯಪ್ಪ. ಈ ಸವತಿ ಹತ್ರ ನಂಗೂ ಸ್ವಲ್ಪ ಮಾತಾಡೋದಿದೆ."

ಮೊದಲ ತಿರುವಿನವರೆಗೂ ಅವಳ ಕಣ್ಣು ಮುಚ್ಚಿತ್ತು, ಬಾಯಿ ಮಾತ್ರ ಮುಚ್ಚಿರಲಿಲ್ಲ.

"ಹಿಂದಕ್ಕೆ ಬಾಗೇ!" ಎಂದು ಮಾವ ಕೂಗಿದ.

"ಇನ್ನೆಷ್ಟು ಬಾಗ್ಲಿ, ಬಿದ್ದೇ ಹೋಗ್ಲಾ?"

ಆದರೂ ಬಾಗಿದಳು. ದೋಣಿ ನೆಟ್ಟಗಾಗಿ ನೀರು ಸೀಳಿಕೊಂಡು ಹೊರಟಿತು. ಕಾಲಡಿಯಲ್ಲಿ ನಿಜವಾಗಿಯೂ ಗುಂಯ್ ಎಂದಿತು! ಮೂರು ದೋಣಿಗಳನ್ನು ಹಿಂದೆ ಹಾಕಿದೆವು. ಅತ್ತೆ ಕಣ್ಣು ಬಿಟ್ಟು, ಮೈಯೆಲ್ಲ ತೋಯಿಸಿಕೊಂಡು, ಗಟ್ಟಿಯಾಗಿ ನಗುತ್ತಿದ್ದಳು. ಮಾವನನ್ನು ಅಷ್ಟು ಖುಷಿಯಲ್ಲಿ ನಾನು ಯಾವತ್ತೂ ಕಂಡಿರಲಿಲ್ಲ.

ಗುರಿ ಹತ್ತಿರವಾಗುವಾಗ ಗಾಳಿ ಕೈಕೊಟ್ಟಿತು. ನಮಗಿಂತ ಹಗುರದ ದೋಣಿಗಳು ಒಂದೊಂದಾಗಿ ಮುಂದೆ ಹೋದವು. ಮಾವ ತಲೆ ಕೆಡಿಸಿಕೊಳ್ಳಲಿಲ್ಲ. ಇನ್ನು ಅಂಚಿನಲ್ಲಿ ಕೆಲಸವಿಲ್ಲವೆಂದು ಅತ್ತೆ ಸರಿದು ಅವನ ಪಕ್ಕಕ್ಕೆ ಬಂದಳು.

"ರೀ, ಆ ಚುಕ್ಕಾಣೀನ ಒಂಚೂರು ನಂಗೂ ಕೊಡಿ, ಹಿಡ್ದು ನೋಡ್ತೀನಿ."

ಕೇಳಿದವರಿಗೆ ಇಲ್ಲವೆಂದು ಗೊತ್ತಿಲ್ಲದ ಮನುಷ್ಯ ಅವನು. ಕೊಟ್ಟೇಬಿಡುತ್ತಾನೆ ಎಂದುಕೊಂಡೆ.

"ನಾಳೆ ಬಾ, ಇಡೀ ದಿನ ಹಿಡ್ಕೋ," ಎಂದ. ಚುಕ್ಕಾಣಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. "ಇವತ್ತೊಂದಿನ ಕೇಳ್ಬೇಡ ಕಣೇ."

ಅತ್ತೆ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಅವನು ಕಣ್ಣೊರೆಸಿಕೊಳ್ಳುವುದನ್ನು ನೋಡದ ಹಾಗೆ ಮುಖ ತಿರುಗಿಸಿ, ಗೆರೆ ದಾಟುವವರೆಗೂ ಹಾಗೇ ಕೂತಳು.